ಎಡೆಯಲ್ಲಿದ್ದ ಹಸಿರು ಬಳೆ

ಬಿಳಿ ಕಾರು ಎಂದೇ ಎಲ್ಲರೂ ಹೇಳುತ್ತಾರೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವವರನ್ನು ಕೇಳಿ, ಹನೂರಿನ ಯಾವುದೇ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಕೇಳಿ, ಉತ್ತರ ಒಂದೇ. ಬಿಳಿ ಕಾರು ಬಂತು, ಮೇಷ್ಟ್ರ ಸ್ಕೂಟರಿಗೆ ಅಡ್ಡ ನಿಂತಿತು, ಮುಖಕ್ಕೆ ಟವೆಲ್ ಸುತ್ತಿಕೊಂಡವರು ಇಳಿದರು, ಹಿಂದೆ ಕೂತಿದ್ದ ಅವರ ಹೆಂಡತಿಯನ್ನು ಎಳೆದು ಒಳಗೆ ಹಾಕಿಕೊಂಡು ಬೆಟ್ಟದ ದಾರಿ ಹಿಡಿದರು. ಅಷ್ಟು ವಿವರವಾಗಿ ಹೇಳುವವರನ್ನು ನಾನು ಕೇಳುವುದು ಒಂದೇ ಮಾತು. ನೋಡಿದವರು ಯಾರು? ಆ ಮುಸ್ಸಂಜೆ ಆ ರಸ್ತೆಯಲ್ಲಿ, ಹೆಂಡತಿಯನ್ನು ಬಿಟ್ಟರೆ, ಇದ್ದದ್ದು ಮೇಷ್ಟ್ರು ಒಬ್ಬರೇ. ಅವರು ಮೊದಲ ಸಲ ಹೇಳಿದಾಗ ಕಾರಿಗೆ ಬಣ್ಣ ಇರಲಿಲ್ಲ. ಧೂಳಿನಲ್ಲಿ ಬಣ್ಣ ಕಾಣಲಿಲ್ಲ ಎಂದಿದ್ದರು. ಬಿಳಿ ಬಳಿದದ್ದು ಟೀವಿಯವರು.

ಇದನ್ನು ಈಗ ಬರೆಯುವಂತೆ ಮಾಡಿದ್ದು ಒಂದು ವಾಸನೆ. ಮೊನ್ನೆ ಮಹಾಲಯ ಅಮಾವಾಸ್ಯೆಗೆ ಮನೆಗೆ ಬಂದಿದ್ದೆ. ನಮ್ಮ ಕಡೆ ಅದು ಹಿರೀಕರ ಹಬ್ಬ. ತೀರಿಹೋದವರಿಗೆ ಹೊಸ ಬಟ್ಟೆ ತಂದು, ಅವರವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ ಎಡೆ ಇಡುತ್ತೇವೆ. ಆಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಲ್ಲುತ್ತೇವೆ, ಅವರು ಬಂದು ನೆಮ್ಮದಿಯಾಗಿ ಉಣ್ಣಲಿ ಎಂದು. ಬಾಗಿಲು ತೆಗೆದಾಗ ಅಮ್ಮ ಹಾಕಿದ್ದ ಸಾಂಬ್ರಾಣಿ ಹೊಗೆಯೂ ಹೊಸ ಸೀರೆಯ ಗಂಜಿಯ ವಾಸನೆಯೂ ಒಟ್ಟಿಗೆ ಮುಖಕ್ಕೆ ಹೊಡೆದವು. ಅಮ್ಮ ಊಟಕ್ಕೆ ಕರೆಯುತ್ತಿದ್ದಳು. ನಾನು ಮಾತ್ರ ಮನಸ್ಸಿನಲ್ಲಿ, ವರ್ಷಗಳ ಹಿಂದೆ ಮಾಂಬಳ್ಳಿಯಲ್ಲಿ ಕಂಡ ಬೇರೊಂದು ಬಾಗಿಲ ಮುಂದೆ ನಿಂತಿದ್ದೆ...

ಮೇಷ್ಟ್ರು ಕೊಳ್ಳೇಗಾಲದ ಕಾಲೇಜೊಂದರಲ್ಲಿ ನಮಗೆ ಪಿಯುಸಿಗೆ ಇತಿಹಾಸ ಹೇಳುತ್ತಿದ್ದರು. ಕಾಲೇಜಿನಲ್ಲಿ ಲೆಕ್ಚರರ್, ಊರಿನ ಬಾಯಲ್ಲಿ ಮೇಷ್ಟ್ರು. ನನಗೆ ಅವರು ಅದಕ್ಕಿಂತ ಹೆಚ್ಚು. ನನಗೆ ಬಾಯಿ ಕೊಟ್ಟವರು ಅವರೇ. ಅದಕ್ಕೆ ಮೊದಲು ನನಗೆ ಇದ್ದದ್ದು ಬರೀ ಜಗಳಗಂಟಿತನ, ಅದನ್ನು ವಾದ ಮಾಡಿದ್ದು ಅವರು. ಚರ್ಚಾಸ್ಪರ್ಧೆಗೆ ಹೋಗುವ ನಮ್ಮನ್ನು ಸಂಜೆ ಮನೆಗೆ ಕರೆಸಿಕೊಂಡು ಹಜಾರದಲ್ಲಿ ಎರಡು ಕುರ್ಚಿ ಹಾಕುತ್ತಿದ್ದರು. ಒಂದು ಪರದ ಕುರ್ಚಿ, ಇನ್ನೊಂದು ವಿರೋಧದ್ದು. ಪರದ ಕುರ್ಚಿಯಲ್ಲಿ ಕೂತು ಮಾತು ರಂಗೇರುತ್ತಿದ್ದ ಹಾಗೆ ಚಪ್ಪಾಳೆ ತಟ್ಟಿ, ಎದ್ದು ಆ ಕುರ್ಚಿಗೆ ಹೋಗು ಎನ್ನುತ್ತಿದ್ದರು. ಈಗಷ್ಟೇ ಕಟ್ಟಿದ್ದನ್ನು ನಾವೇ ಒಡೆಯಬೇಕು. ಒಡೆಯಲು ಆಗದೆ ತೊದಲಿದರೆ, ಕಟ್ಟಿದ್ದೂ ಗಟ್ಟಿಯಾಗಿರಲಿಲ್ಲ ಎಂದು ಲೆಕ್ಕ. ಅನುಮಾನ ಬೇರೆ, ಸಾಕ್ಷ್ಯ ಬೇರೆ ಎನ್ನುವುದು ಅವರು ದಿನಕ್ಕೊಮ್ಮೆ ಹೇಳುತ್ತಿದ್ದ ಮಾತು. ನಾನು ಈಗ ಮೈಸೂರಿನಲ್ಲಿ ಕಾನೂನು ಓದುತ್ತಿದ್ದೇನೆ ಎಂದರೆ ಆ ಎರಡು ಕುರ್ಚಿಗಳೇ ಕಾರಣ.

ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಹನೂರು ದಾಟಿ ಬೆಟ್ಟದ ದಾರಿಯಲ್ಲಿ ಸಿಗುವ ಅಜ್ಜೀಪುರದವರು. ಕೈ ತುಂಬ ಹಸಿರು ಗಾಜಿನ ಬಳೆ, ಬೇರೆ ಬಣ್ಣ ತೊಟ್ಟದ್ದನ್ನು ನಾನು ಕಂಡಿಲ್ಲ. ಹಿತ್ತಲ ಸೀಬೆಗಿಡದಲ್ಲಿ ಕಾಯಿ ಬಲಿಯಲು ಬಿಡುತ್ತಲೇ ಇರಲಿಲ್ಲ. ಹಸಿಯದ್ದನ್ನೇ ಕಿತ್ತು ಹೋಳು ಮಾಡಿ ಉಪ್ಪು ಖಾರ ಸವರಿ ನಮಗೊಂದು ತಟ್ಟೆ ಕೊಟ್ಟು, ತಾವು ಅಡುಗೆಮನೆ ಹೊಸಿಲ ಮೇಲೆ ಕೂತು ತಿನ್ನುತ್ತ ನಮ್ಮ ಕಿತ್ತಾಟ ಕೇಳುತ್ತಿದ್ದರು. ಒಮ್ಮೆ ನಾನು ಮೇಷ್ಟ್ರ ವಿರುದ್ಧವೇ ಗೆದ್ದಾಗ ಬಳೆ ಸದ್ದು ಮಾಡಿಕೊಂಡು ನಕ್ಕರು.

“ನಿಮ್ಗಾದ್ರೆ ಕುರ್ಚಿ ಬದ್ಲಾಯ್ಸಕೆ ಬುಡ್ತಾರೆ ಕಣವ್ವ. ನಂಗೆ ಯಾವತ್ತೂ ವಿರೋಧದ ಕುರ್ಚಿನೆಯ.”

ನಾವೂ ನಕ್ಕೆವು. ಮೇಷ್ಟ್ರೂ ನಕ್ಕರೇ? ಎಷ್ಟು ಸಲ ಯೋಚಿಸಿದರೂ ಅವರ ಮುಖ ಮಾತ್ರ ನೆನಪಿಗೆ ಬರುವುದಿಲ್ಲ...

ನಾನು ಡಿಗ್ರಿಗೆ ಸೇರಿದ ವರ್ಷ ಅಕ್ಕ ಇಲ್ಲವಾದರು. ಇಬ್ಬರೂ ಸ್ಕೂಟರಿನಲ್ಲಿ ಅಜ್ಜೀಪುರಕ್ಕೆ ಹೊರಟಿದ್ದರಂತೆ, ಹನೂರು ಬಿಟ್ಟ ಮೇಲೆ ಕಾರು ಅಡ್ಡ ಬಂತಂತೆ. ಮೇಷ್ಟ್ರು ಹರಿದ ಅಂಗಿಯಲ್ಲಿ ಠಾಣೆಗೆ ಬಂದು, ಹೆಂಡತಿಯನ್ನು ಯಾರೋ ಎತ್ತಿಕೊಂಡು ಹೋದರು ಎಂದರು. ಪೊಲೀಸರು ಬೆಟ್ಟದ ತಪ್ಪಲನ್ನೆಲ್ಲ ಜಾಲಾಡಿದರು, ಗಡಿಯಾಚೆಯ ತಮಿಳುನಾಡಿನ ಊರುಗಳಿಗೂ ಹೋಗಿ ಬಂದರು. ಕಾರೂ ಸಿಗಲಿಲ್ಲ, ಅಕ್ಕನೂ ಸಿಗಲಿಲ್ಲ. ತಿಂಗಳು ಕಳೆಯುತ್ತಿದ್ದಂತೆ ಊರಿನ ಬೆರಳು ಮೇಷ್ಟ್ರ ಕಡೆಗೇ ತಿರುಗಿತು. ಗಂಡ ಹೆಂಡತಿ ನಡುವೆ ಸರಿಯಿರಲಿಲ್ಲ ಎಂದರು. ಅಂಗಿ ಹರಿದಿದೆ, ಮೈಮೇಲೆ ಗೀರಿಲ್ಲವಲ್ಲ ಎಂದರು.

ಆಗ ಅವರ ಪರವಾಗಿ ಬಾಯಿ ತೆರೆದವಳು ನಾನು. ಕೊಳ್ಳೇಗಾಲದ ಹೋಟೆಲಿನಲ್ಲಿ, ಬಸ್ಸಿನಲ್ಲಿ, ನಮ್ಮಪ್ಪನ ಸ್ನೇಹಿತರ ಮುಂದೆ, ಸಿಕ್ಕಸಿಕ್ಕವರ ಹತ್ತಿರ ವಾದ ಮಾಡಿದೆ. ಅನುಮಾನ ಬೇರೆ, ಸಾಕ್ಷ್ಯ ಬೇರೆ. ಸಾಕ್ಷ್ಯ ಇದ್ದರೆ ತನ್ನಿ, ಇಲ್ಲದಿದ್ದರೆ ನಾಲಿಗೆ ಒಳಗಿಡಿ. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಸೋದರಮಾವ ಒಂದು ದಿನ ಕೈ ಮುಗಿದು, “ಬುಡವ್ವ ತಾಯಿ, ಕಬ್ಬರೆಯೋ ಮಿಷಿನ್ನಾದ್ರೂ ವರ್ಸಕ್ಕೊಂದ್ಸಲ ರೆಸ್ಟ್ ತಗತದೆ” ಎಂದ. ನಾನು ಬಿಡಲಿಲ್ಲ.

ಅಷ್ಟರಲ್ಲಿ ಟೀವಿಯವರು ಬಂದರು. ನಡೆದ ಅಪರಾಧಗಳನ್ನು ನಟರ ಕೈಲಿ ಆಡಿಸಿ ತೋರಿಸುತ್ತಾರಲ್ಲ, ಅಂಥ ಕಾರ್ಯಕ್ರಮ. ಮೇಷ್ಟ್ರನ್ನು ಮಾತಾಡಿಸಿದರು, ಅಜ್ಜೀಪುರಕ್ಕೆ ಹೋಗಿ ಅಕ್ಕನ ತಾಯಿಯನ್ನು ಮಾತಾಡಿಸಿದರು. ಶಿಷ್ಯರ ಪೈಕಿ ಯಾರಾದರೂ ಇದ್ದಾರೆಯೇ ಎಂದಾಗ ಮೇಷ್ಟ್ರು ನನ್ನ ನಂಬರು ಕೊಟ್ಟರು. ನಾನು ಕ್ಯಾಮೆರಾ ಮುಂದೆ ಒಂದು ತಡವರಿಕೆಯಿಲ್ಲದೆ ಮಾತಾಡಿದೆ. ಸತ್ಯವನ್ನು ಎರಡೂ ಕಡೆಯಿಂದ ನೋಡಲು ಕಲಿಸಿದ ಮನುಷ್ಯ ಸುಳ್ಳು ಹೇಳಲಾರರು ಎಂದೆ. ಅದನ್ನು ಅವರು ಕಂತಿನ ಕೊನೆಯಲ್ಲಿ, ಕೆಳಗೆ ಪಿಟೀಲು ಹಾಕಿ, ನನ್ನ ಮುಖವನ್ನು ಮೆಲ್ಲಗೆ ಹತ್ತಿರ ತಂದು ತೋರಿಸಿದರು.

ಕಂತಿನ ತುಂಬ ತಪ್ಪುಗಳು. ಹನೂರಿನ ರಸ್ತೆ ಎಂದು ತೋರಿಸಿದ್ದು ಎಲ್ಲಿಯದೋ ತೆಂಗಿನ ಸಾಲು. ಅಕ್ಕನ ಪಾತ್ರದವಳು ಸ್ಕೂಟರಿನ ಮೇಲೆ ಜರಿ ಸೀರೆ ಉಟ್ಟು ಕೂತಿದ್ದಳು. ಕಾರು ಬಿಳಿಯಾದದ್ದು ಅಲ್ಲೇ. ಅಕ್ಕನ ತಾಯಿ ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿತ್ತು, ಅವರ ಪಾತ್ರದವಳ ಹಣೆಯಲ್ಲಿ ಕಾಸಗಲದ ಕುಂಕುಮ, ಕೈಯಲ್ಲಿ ಬಳೆ. ಅವರು ಮಗಳ ಸುದ್ದಿಗೆಂದು ಟೀವಿ ಮುಂದೆ ಕೂತವರು ತಮ್ಮನ್ನೇ ಕಂಡು ಬೆಚ್ಚಿದರಂತೆ. ಮೇಷ್ಟ್ರ ಮನೆಯಲ್ಲಿ ಕಂಡು ಗುರುತಿದ್ದ ನನಗೆ ಫೋನ್ ಮಾಡಿ, “ನನ್ ಅಣೆಗೆ ಕುಂಕುಮ ಇಕ್ಬುಟ್ಟವ್ರಲ್ಲವ್ವ, ಊರೋರು ಏನಂದ್ಕಂಡಾರು” ಎಂದು ಅತ್ತರು. ಪಟ್ಟಣದವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಎಂದು ಸಮಾಧಾನ ಹೇಳಿದೆ.

ಆದರೂ ಆ ಕಂತು ಮೇಷ್ಟ್ರನ್ನು ಉಳಿಸಿತು. ಬೆರಳು ತೋರಿಸಿದವರೇ ಮನೆಗೆ ಹೋಗಿ ಕೈ ಹಿಡಿದುಕೊಂಡರು. ಏನನ್ನೂ ನೋಡಿಲ್ಲ ಎಂದಿದ್ದ ಹಣ್ಣಿನವರಿಗೆ ಬಿಳಿ ಕಾರು ನೆನಪಾಯಿತು. ಸ್ವಲ್ಪ ದಿನದಲ್ಲಿ ಮೇಷ್ಟ್ರೂ ಬಿಳಿ ಕಾರು ಎನ್ನತೊಡಗಿದರು. ಅದು ನನ್ನ ಕಿವಿಗೆ ಬಿತ್ತು. ದುಃಖದಲ್ಲಿರುವವರ ನೆನಪು ಹಾಗೇ ಎಂದುಕೊಂಡೆ...

ಅಕ್ಕನ ತಾಯಿಗೆ ಬೇರೆ ಮಕ್ಕಳಿಲ್ಲ. ಬೆಟ್ಟಕ್ಕೆ ಹೋಗಿಬರುವ ಬಸ್ಸುಗಳ ರಸ್ತೆಗೆ ಮುಖ ಮಾಡಿದ ಮನೆ. ಪ್ರತಿ ಬಸ್ಸು ನಿಂತಾಗಲೂ ಜಗಲಿಯಿಂದ ಕತ್ತು ಚಾಚಿ ಯಾರು ಇಳಿದರು ಎಂದು ನೋಡುತ್ತಿದ್ದರು. ಆ ವರ್ಷದ ಮಹಾಲಯ ಹತ್ತಿರ ಬಂದಾಗ ನೆಂಟರು ಹೇಗೋ ಬಾಯಿ ತೆರೆದು, ಮಗಳಿಗೂ ಒಂದು ಎಡೆ ಇಟ್ಟುಬಿಡಿ ಎಂದರಂತೆ. ಅವರು ದಿಕ್ಕು ತೋಚದೆ ಅಳಿಯನಿಗೇ ಫೋನ್ ಮಾಡಿ ಕೇಳಿದರು. ಬದುಕಿರುವವರಿಗೆ ಎಡೆ ಇಡಬಾರದು, ಅವಳು ಬಂದೇ ಬರುತ್ತಾಳೆ ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿದರು. ಅಷ್ಟು ಧೈರ್ಯ ಹೇಳಿದ ಅಳಿಯನನ್ನು ಹೊಗಳಲು ಅವರು ನನಗೆ ಮತ್ತೆ ಫೋನ್ ಮಾಡಿದ್ದರು. ನಾನೂ ಹೊಗಳಿದೆ.

ಮೇಷ್ಟ್ರ ಹುಟ್ಟೂರು ಯಳಂದೂರಿನ ಹತ್ತಿರದ ಮಾಂಬಳ್ಳಿ. ದೇವರ ವಿಷಯದಲ್ಲಿ ಎಷ್ಟೇ ಗೇಲಿ ಮಾಡಿದರೂ ಹಿರೀಕರ ಹಬ್ಬಕ್ಕೆ ಮಾತ್ರ ಊರಿಗೆ ಹೋಗುವುದನ್ನು ಬಿಟ್ಟವರಲ್ಲ. ತಂದೆ ತಾಯಿ ಇಬ್ಬರೂ ಇರಲಿಲ್ಲ, ಹಳೆಯ ಮನೆಯಲ್ಲಿದ್ದ ಚಿಕ್ಕಮ್ಮನೇ ಎಡೆ ಇಡುತ್ತಿದ್ದದ್ದು. ಪ್ರತಿ ವರ್ಷ ನಮ್ಮಲ್ಲಿ ಯಾರನ್ನಾದರೂ ಊಟಕ್ಕೆ ಕರೆಯುತ್ತಿದ್ದರು. ಆ ವರ್ಷ ನನ್ನನ್ನು ಕರೆದರು. ನೀನು ನನಗಾಗಿ ಅಷ್ಟು ಮಾತಾಡಿದೆ, ಬಂದು ಒಂದು ತುತ್ತು ಉಂಡು ಹೋಗು ಎಂದರು.

ನಾನು ಹೋದಾಗ ಬಾಗಿಲು ಮುಚ್ಚಿತ್ತು. ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಮೂರು ಸಲ ಬಾಗಿಲು ತಟ್ಟಿ ತೆರೆದರು. ಸಾಂಬ್ರಾಣಿ, ಗಂಜಿ... ಗೋಡೆಯ ಬದಿಗೆ ಮೂರು ಎಲೆ. ಮೊದಲನೆಯದು ಮೇಷ್ಟ್ರ ತಂದೆಯದು: ಪಂಚೆ, ಟವೆಲ್, ಒಂದು ಕಟ್ಟು ಬೀಡಿ. ಎರಡನೆಯದು ತಾಯಿಯದು. ವಿಧವೆಯಾಗಿ ಎಷ್ಟೋ ವರ್ಷ ಬಾಳಿ ಹೋದವರು. ಬಿಳಿ ಹೂವಿನ ಸಾದಾ ಸೀರೆ, ವಿಭೂತಿ, ಎಲೆ ಅಡಿಕೆ. ಮೂರನೆಯದು ಕಂಬದ ಮರೆಯಲ್ಲಿತ್ತು. ಮಡಿಕೆ ಬಿಚ್ಚದ ಸೀರೆ, ಅದರ ಮೇಲೆ ಅರಿಸಿನ ಕುಂಕುಮ, ಒಂದು ಮೊಳ ಮಲ್ಲಿಗೆ, ಒಂದು ಕಟ್ಟು ಹಸಿರು ಗಾಜಿನ ಬಳೆ. ಎಲೆಯ ತುದಿಯಲ್ಲಿ ಹೋಳು ಮಾಡಿದ ಹಸಿ ಸೀಬೆಕಾಯಿ, ಉಪ್ಪು ಖಾರ ಸವರಿದ್ದು.

ಇಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಂಕುಮ ಬಳೆ ಇಡುವುದು ಮುತ್ತೈದೆಯಾಗಿ ಹೋದವರಿಗೆ, ಗಂಡ ಬದುಕಿರುವಾಗಲೇ ಸತ್ತ ಹೆಂಗಸಿಗೆ. ಆ ಮನೆಯಲ್ಲಿ ಹಾಗೆ ಹೋದವರು ಯಾರು?

ನಾನು ಚಿಕ್ಕಮ್ಮನ ಹತ್ತಿರ ಸರಿದು ಮೆಲ್ಲಗೆ ಅದನ್ನೇ ಕೇಳಿದೆ. ಅವರು ಸೆರಗಿನಿಂದ ಕಣ್ಣಿನ ಹೊಗೆ ಒರೆಸಿಕೊಳ್ಳುತ್ತ ಹೇಳಿದರು.

“ನಂಗೇನ್ ಗೊತ್ತವ್ವ. ನಾ ಎಲ್ಲ ಇಕ್ಬುಟ್ಟು ಎದ್ದ ಮ್ಯಾಕೆ ಅವನೇ ಒಳಕೋಗಿ ಇಕ್ಕವ್ನೆ. ಯಾರ್ಗ್ಲಾ ಮಗ ಅಂದ್ರೆ, ಸುಮ್ಕಿರು ಚಿಕ್ಕವ್ವ ಅಂದ.”

ಊಟಕ್ಕೆ ಎಲೆ ಹಾಕುತ್ತಿದ್ದರು. ನಾನು ಕೂರಲಿಲ್ಲ. ಮೇಷ್ಟ್ರು ಹೊರಗೆ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು, ಎದುರಿಗೆ ಇನ್ನೊಂದು ಖಾಲಿ ಕುರ್ಚಿ. ನಾನು ಅದರ ಪಕ್ಕ ನಿಂತೆ.

“ಸಾರ್, ಆ ಮೂರನೇ ಎಡೆ ಯಾರದು?”

ಅವರು ಗಾಬರಿಯಾಗಲಿಲ್ಲ. ಸಿಟ್ಟಾಗಲಿಲ್ಲ. ನನ್ನನ್ನೇ ನೋಡಿದರು, ಸ್ಪರ್ಧೆಯಲ್ಲಿ ನಾನು ಒಳ್ಳೆಯ ಪ್ರಶ್ನೆ ಹಾಕಿದಾಗ ನೋಡುತ್ತಿದ್ದ ಹಾಗೆಯೇ. ಆಮೇಲೆ ಒಂದು ಸಲ ಮೆಲ್ಲಗೆ ಚಪ್ಪಾಳೆ ತಟ್ಟಿದರು.

“ಆ ಕುರ್ಚಿಗೆ ಹೋಗು. ಈಗ ನನ್ನ ಪರ ಮಾತಾಡು.”

ನನ್ನ ಕಾಲು ಅಭ್ಯಾಸಬಲದಿಂದ ಕುರ್ಚಿಯ ಕಡೆ ಅರ್ಧ ಹೆಜ್ಜೆ ಇಟ್ಟೂ ಆಗಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಲಿಸಿದ ವಿದ್ಯೆಯನ್ನೇ ನನ್ನ ಬಾಯಿಗೆ ಬಟ್ಟೆ ಮಾಡಿ ತುರುಕಲು ನೋಡಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ರಸ್ತೆಗೆ ನಡೆದೆ. ಅವರು ಕರೆಯಲಿಲ್ಲ.

ಆದರೂ ಬಸ್ಸಿನಲ್ಲಿ ಕೂತು ಅವರ ಪರ ವಾದ ಮಾಡಿದೆ. ಮಾಡಲೇಬೇಕು, ಇಲ್ಲದಿದ್ದರೆ ನಾನೂ ಬೆರಳು ತೋರಿಸಿದವರಲ್ಲಿ ಒಬ್ಬಳು. ಎಡೆ ತಾಯಿಯದೇ ಇರಬಹುದೇ? ಅವರದು ಪಕ್ಕದಲ್ಲೇ ಇತ್ತು, ಬಳೆಯಿಲ್ಲದೆ. ಹಿಂದಿನ ಯಾರೋ ಮುತ್ತೈದೆಯದ್ದೇ? ಹಾಗಿದ್ದರೆ ವರ್ಷ ವರ್ಷ ಇಡುವ ಚಿಕ್ಕಮ್ಮನಿಗೆ ಗೊತ್ತಿರುತ್ತಿತ್ತು, ಕದ್ದು ಇಡಬೇಕಿರಲಿಲ್ಲ. ಕಾದು ಕಾದು ಆಸೆ ಬಿಟ್ಟು, ಇನ್ನಿಲ್ಲ ಎಂದು ತಾವೇ ಅಂದುಕೊಂಡು ಇಟ್ಟರೇ? ಇದೇ ಗಟ್ಟಿ ವಾದ. ಇದನ್ನು ಹಿಡಿದುಕೊಂಡು ಯಳಂದೂರಿನಿಂದ ಕೊಳ್ಳೇಗಾಲದವರೆಗೆ ಬಂದೆ. ಆದರೆ ಅದೇ ವಾರ ಅತ್ತೆಗೆ, ಅವಳು ಬದುಕಿದ್ದಾಳೆ, ಎಡೆ ಇಡಬೇಡಿ ಎಂದವರು ಯಾರು? ಆಸೆ ಬಿಟ್ಟವರು ಹೆತ್ತ ತಾಯಿಯ ಆಸೆಗೆ ಎಣ್ಣೆ ಹೊಯ್ಯುತ್ತಾರೆಯೇ? ಬಸ್ಸು ನಿಂತಾಗ ನನ್ನ ಹತ್ತಿರ ಅವರ ಪರ ಹೇಳಲು ಒಂದು ಮಾತೂ ಉಳಿದಿರಲಿಲ್ಲ.

ಪೊಲೀಸರಿಗೆ, ಟೀವಿಗೆ, ಊರಿಗೆ, ನನಗೆ ಸುಳ್ಳು ಹೇಳಲು ಅವರಿಗೆ ಕಷ್ಟವಾಗಿರಲಿಲ್ಲ. ಸತ್ತವರ ಹಸಿವಿಗೆ ಮಾತ್ರ ಸುಳ್ಳು ಹೇಳಲು ಆಗಲಿಲ್ಲ. ಯಾವ ನಂಬಿಕೆಯನ್ನೂ ಉಳಿಸಿಕೊಳ್ಳದ ಮನುಷ್ಯನಲ್ಲಿ ಅದೊಂದು ಮಾತ್ರ ಉಳಿದುಬಿಟ್ಟಿತ್ತು.

ಠಾಣೆಗೆ ಹೋಗಿ ಹೇಳಿದೆ. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. “ಬಳೆ ಇಕ್ಕೋದು ಯಾವ ಸೆಕ್ಷನ್ನಮ್ಮ? ನೀನೇ ಟೀವೀಲಿ ಅವ್ರ ಪರ ಮಾತಾಡ್ದೋಳಲ್ವ?” ಎಂದರು. ಎರಡು ಪ್ರಶ್ನೆಯೂ ಸರಿಯೇ. ಮೇಷ್ಟ್ರನ್ನು ಕರೆಸಿ ಕೇಳಿದರಂತೆ. ಮನಸ್ಸಿನ ಸಮಾಧಾನಕ್ಕೆ ಇಟ್ಟೆ ಎಂದರಂತೆ. ಅಲ್ಲಿಗೆ ಮುಗಿಯಿತು. ಟೀವಿಯವರಿಗೆ ಹೇಗೆ ಸುದ್ದಿ ಮುಟ್ಟಿತೋ, ಎರಡನೇ ಕಂತು ಮಾಡೋಣ, ಒಳ್ಳೆಯ ತಿರುವು ಇದೆ ಎಂದು ಫೋನ್ ಮಾಡಿದರು. ಆ ಬಳೆಗಳನ್ನು ನಿಧಾನಗತಿಯಲ್ಲಿ ನೆಲಕ್ಕೆ ಬೀಳಿಸಿ ಒಡೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಫೋನ್ ಇಟ್ಟೆ.

ಅಜ್ಜೀಪುರಕ್ಕೆ ಹೋಗದೆ ಇರಲು ಆಗಲಿಲ್ಲ. ನನ್ನ ಮುಖ ನೋಡಿಕೊಂಡು ಅಳಿಯನನ್ನು ನಂಬಿದ್ದ ಹೆಂಗಸು. ಜಗಲಿಯ ಮೇಲೆ ಕೂತು ಕಂಡದ್ದಷ್ಟನ್ನೇ ಹೇಳಿದೆ, ನನ್ನ ತೀರ್ಮಾನ ಸೇರಿಸಲಿಲ್ಲ. ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಬಳೆ ಯಾವ ಬಣ್ಣ ಎಂದರು. ಹಸಿರು ಎಂದೆ. ಗಾಜಿನವಾ ಎಂದರು. ಹೂಂ ಎಂದೆ. ಆಮೇಲೆ, ಸೀಬೆಕಾಯಿಗೆ ಖಾರ ಹಾಕಿದ್ದನಾ ಎಂದು ಕೇಳಿದರು. ಅಷ್ಟರಲ್ಲಿ ಬೆಟ್ಟದ ಬಸ್ಸು ಬಂದು ನಿಂತಿತು. ಅವರು ಕತ್ತು ಚಾಚಲಿಲ್ಲ... ಆದರೆ ಬಸ್ಸು ಹೊರಟಾಗ, ತಡೆಯಲಾರದೆ, ಒಂದು ಸಲ ನೋಡಿದರು.

“ನಾನು ಎಡೆ ಇಕ್ದೆ ಇದ್ರೆ ನನ್ ಮಗ್ಳು ಅಸ್ಕಂಡಿರ್ತಾಳೆ. ಇಕ್ಬುಟ್ರೆ, ಬದುಕಿರೋಳ್ನ ನಾನೇ ಸಾಯ್ಸ್ದಂಗಾಯ್ತದೆ. ನೀನು ಓದ್ದೋಳು ಕಣವ್ವ. ಅವನ್ನ ಕೇಳ್ಕ ಬಾ. ಇಕ್ಲಾ, ಬ್ಯಾಡ್ವಾ, ಅಷ್ಟೇಯ.”

ನಾನು ಹಿಂದಿರುಗುವಷ್ಟರಲ್ಲಿ ಮೇಷ್ಟ್ರು ದೂರದ ಜಿಲ್ಲೆಗೆ ವರ್ಗ ಮಾಡಿಸಿಕೊಳ್ಳಲು ಓಡಾಡುತ್ತಿದ್ದರು. ಕೆಲವೇ ದಿನಗಳಲ್ಲಿ, ಕೇಳಲು ನಾನು ಮನಸ್ಸು ಗಟ್ಟಿ ಮಾಡಿಕೊಳ್ಳುವ ಮೊದಲೇ, ಹೊರಟೂ ಹೋದರು. ಕೊಳ್ಳೇಗಾಲದ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಗೇಟಿನ ಹೊರಗಿನಿಂದ ನೋಡಿದೆ, ಸೀಬೆಗಿಡ ಕಡಿದು ಕಾರು ನಿಲ್ಲಿಸಲು ಸಿಮೆಂಟು ಹಾಕಿದ್ದಾರೆ. ಅಕ್ಕನನ್ನು ಕಳೆದುಕೊಂಡದ್ದಕ್ಕೆ ಅಳಬಹುದು. ಮೇಷ್ಟ್ರನ್ನು ಕಳೆದುಕೊಂಡದ್ದಕ್ಕೆ ಹೇಗೆ ಅಳುವುದೋ ನನಗೆ ತಿಳಿಯದು. ಕಾಲೇಜಿನ ಅಣಕು ನ್ಯಾಯಾಲಯದ ವಾದಗಳಲ್ಲಿ ನಾನು ಗೆದ್ದಾಗಲೆಲ್ಲ ನನ್ನ ಬಾಯಿಂದ ಬರುವುದು ಅವರ ಧಾಟಿಯೇ. ಅದನ್ನು ಕಿತ್ತು ಹಾಕಿದರೆ ನನ್ನದೆಂದು ಎಷ್ಟು ಉಳಿಯುತ್ತದೆಯೋ...

ಮೊನ್ನೆ ನಮ್ಮ ಮನೆಯ ಎಡೆ ಮುಗಿಯುವ ಹೊತ್ತಿಗೆ ಅಜ್ಜೀಪುರದಿಂದ ಫೋನ್ ಬಂತು. ಈ ಸಲವೂ ಸೀರೆ ತಂದಿದ್ದಾರೆ. ಈ ಸಲವೂ ಅದನ್ನು ಎಡೆಗೆ ಇಡದೆ ಪೆಟ್ಟಿಗೆಯ ಮುಚ್ಚಳದ ಮೇಲೆ ಇಟ್ಟು ಕೂತಿದ್ದಾರೆ, ಇತ್ತ ಸತ್ತವಳಿಗೂ ಅಲ್ಲದೆ ಅತ್ತ ಬದುಕಿರುವವಳಿಗೂ ಅಲ್ಲದೆ. ಕೇಳಿದೆಯಾ ಎಂದರು. ಕೇಳುತ್ತೇನೆ ಎಂದೆ. ಮೇಷ್ಟ್ರ ನಂಬರಿಗೆ ಅದನ್ನೇ ಬರೆದು ಕಳಿಸಿದೆ. ಓದಿದ್ದಾರೆ, ಎರಡು ನೀಲಿ ಗೀಟು ಬಿದ್ದಿವೆ. ಅದಾದ ಮೇಲೆ ಏನೂ ಇಲ್ಲ.

ಇದನ್ನೂ ನೀವು ಓದುತ್ತೀರಿ ಎಂದುಕೊಂಡಿದ್ದೇನೆ ಸಾರ್. ಕಾರಿನ ಬಣ್ಣ ಕೇಳುವುದಿಲ್ಲ. ನನ್ನನ್ನು ಯಾಕೆ ಆರಿಸಿಕೊಂಡಿರಿ ಎಂದೂ ಕೇಳುವುದಿಲ್ಲ. ಎರಡು ಕುರ್ಚಿಯನ್ನೂ ಮಡಚಿಟ್ಟು ಒಂದೇ ಒಂದನ್ನು ಕೇಳುತ್ತೇನೆ, ನನಗಾಗಿ ಅಲ್ಲ. ಅಜ್ಜೀಪುರದ ಆ ಮನೆಯಲ್ಲಿ ಎಡೆ ಇಡಬೇಕೋ, ಬೇಡವೋ?